ನಮ್ಮ ಮಕ್ಕಳಿಗೆ ಬಣ್ಣ, ನಿಮ್ಮ ಮಕ್ಕಳಿಗೆ ಲೆಕ್ಕ?

ಬೆಂಗಳೂರಿನ ಕೊಳೆಗೇರಿಗಳಿಗೆ ಭಾನುವಾರ ಕಾರುಗಳು ಬರುತ್ತವೆ. ಇಳಿದವರ ಕೈಯಲ್ಲಿ ಬಣ್ಣದ ಪೆಟ್ಟಿಗೆ, ಬಿಸ್ಕತ್ತು, ಕ್ಯಾಮೆರಾ. ಚಿಂದಿ ಆಯುವ ಹುಡುಗನೂ ಕಸ ಗುಡಿಸುವ ತಾಯಿಯ ಮಗಳೂ ಸಾಲಾಗಿ ಕೂತು ಚಿತ್ರ ಬರೀತಾರೆ. 'ಈ ಮಕ್ಕಳಲ್ಲೂ ಎಂಥಾ ಕಲೆ ಇದೆ ನೋಡಿ!' ಅಂತ ಬಂದವರು ಬೆರಗಾಗ್ತಾರೆ. ಆ 'ಲ್ಲೂ' ಅನ್ನೋ ಒಂದಕ್ಷರದಲ್ಲಿ ಸಾವಿರಾರು ವರ್ಷದ ಜಾತಿ ಕೂತಿದೆ.

ಸ್ವಾಮಿ, ಕಲೆ ನಮ್ಮ ಕೇರಿಗೆ ನಿಮ್ಮ ಕಾರಿನ ಡಿಕ್ಕಿಯಲ್ಲಿ ಬಂದದ್ದಲ್ಲ. ಊರ ಹಬ್ಬಕ್ಕೆ ತಮಟೆ ಬಡಿದವರು ನಮ್ಮಪ್ಪಂದಿರು. ಬಡಿದು ಗುಡಿಯ ಹೊರಗೇ ನಿಂತವರೂ ಅವರೇ. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಾವೂ ಕುಣಿದೆವು. ಆದರೆ ಕಲೆಯೊಂದೇ ಹೊಟ್ಟೆ ತುಂಬಿಸಿ ಮಾನ ಉಳಿಸುವ ಹಾಗಿದ್ದರೆ ನಮ್ಮ ಹಿರಿಯರು ಯಾಕೆ ಜೀತ ಮಾಡಬೇಕಿತ್ತು?

ನಾವು ಕಲೆಯ ವೈರಿಗಳಲ್ಲ. ನಾವೂ ಸಂಜೆ ಶಾಲೆ ನಡೆಸ್ತೇವೆ. ಬೆತ್ತಕ್ಕೆ ಹೆದರಿ ಓಡಿದ ಮಗು ಹಾಡು ಕೇಳಿ ಬಾಗಿಲಿಗೆ ಬರುತ್ತದೆ, ನಾಟಕದಲ್ಲಿ ಪಾತ್ರ ಸಿಕ್ಕರೆ ಒಳಗೆ ಕೂರುತ್ತದೆ. ನಮ್ಮ ಹುಡುಗನೊಬ್ಬ ಗುಜರಿ ಅಂಗಡಿಯ ನಾಟಕ ಕಟ್ಟಿದ. ಆಡ್ತಾ ಆಡ್ತಾ ಕಿಲೋಗೆ ಎಷ್ಟು ಅಂತ ಬರೆದು ಕೂಡಿಸೋದು ಕಲಿತ. ಮುಂದಿನ ವಾರ ಅಂಗಡಿಯವನ ಹತ್ರ ತನ್ನ ದುಡ್ಡು ಪೂರ್ತಿ ಕೇಳಿ ತಗೊಂಡ.

ಆದರೆ ಆ ಎರಡು ಗಂಟೆಯನ್ನೇ ಶಾಲೆ ಅನ್ನಬೇಡಿ. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದು 1950ರ ಸಂವಿಧಾನ ಹೇಳಿತು. 1960 ದಾಟಿ ಹೋಯಿತು. 1986ರ ಶಿಕ್ಷಣ ನೀತಿ ದುಡಿಯುವ ಮಕ್ಕಳಿಗೆ ಅನೌಪಚಾರಿಕ ಕೇಂದ್ರ ತೋರಿಸಿತು. ಅದೇ ವರ್ಷದ ಬಾಲಕಾರ್ಮಿಕ ಕಾಯ್ದೆ ಕೆಲವು ಕೆಲಸ ನಿಷೇಧಿಸಿ, ಉಳಿದದ್ದಕ್ಕೆ ಬರೀ ನಿಯಮ ಹಾಕಿತು. ಅಂದರೆ ಹಗಲು ದುಡಿ, ಸಂಜೆ ಕಲಿ! 2016ರಲ್ಲಿ ಹದಿನಾಲ್ಕರೊಳಗಿನವರ ದುಡಿಮೆ ನಿಷೇಧಿಸಿದರು. ಶಾಲೆ ಬಿಟ್ಟ ಮೇಲೆ ಮನೆಯ ಕಸುಬಿಗೆ ನೆರವಾಗಬಹುದು ಅಂತ ಕಿಂಡಿಯನ್ನೂ ಇಟ್ಟರು. ಮನೆಯ ಕಸುಬು ಅಂದ್ರೆ ಈ ದೇಶದಲ್ಲಿ ಜಾತಿಯ ಕಸುಬೇ ಅಲ್ವಾ?

2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿದೆ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸು ಕಳಿಸುವಂತಿಲ್ಲ.

ಸರ್ಕಾರಿ ಹಾಸ್ಟೆಲ್ಲಿನ ಮುದ್ದೆ ತಿಂದು ಮನೆಗೆ ಮೊದಲ ಡಿಗ್ರಿ ತಂದವರು ನಾವು. ಹಾಡು ನಮಗೆ ಧೈರ್ಯ ಕೊಟ್ಟಿತು. ಬಾಗಿಲು ತೆಗೆದದ್ದು ಮಾರ್ಕ್ಸ್ ಕಾರ್ಡು.

ಬಣ್ಣ ತರುವವರೇ, ತನ್ನಿ. ಸೋಮವಾರವೂ ಬನ್ನಿ, ಮಗುವಿನ ಕೈ ಹಿಡಿದು ಹೆಡ್‌ಮಾಸ್ಟರ ಕೋಣೆಗೆ ನಡೆಯಿರಿ. ಹಳ್ಳಿಯ ಮೇಷ್ಟ್ರೇ, ಪಟ್ಟಣಕ್ಕೆ ಗುಳೆ ಹೊರಟ ಮಗುವಿನ ಹೆಸರು ಹೊಡೆದು ಸುಮ್ಮನಾಗಬೇಡಿ, ಟಿ.ಸಿ. ಕೈಗಿಟ್ಟು ಕಳಿಸಿ. ಗೆಳೆಯರೇ, ನಿಮ್ಮ ಸಂಜೆ ಶಾಲೆಯಲ್ಲಿ ಎಷ್ಟು ಮಕ್ಕಳು ಕುಣಿದರು ಅಂತ ಲೆಕ್ಕ ಹಾಕಬೇಡಿ. ಎಷ್ಟು ಮಕ್ಕಳು ಹಗಲು ಶಾಲೆಯ ಬೆಂಚಿಗೆ ಹೋದರು, ಅದನ್ನು ಎಣಿಸಿ.

ಅವರ ಮಕ್ಕಳಿಗೆ ಹಗಲು, ನಮ್ಮ ಮಕ್ಕಳಿಗೆ ಸಂಜೆ! ಈ ಪಾಲು ನಮಗೆ ಒಪ್ಪಿಗೆಯಿಲ್ಲ.