ಮನಸ್ಸಿನ ಚಿಕಿತ್ಸೆಗೂ ಇಂಗ್ಲಿಷ್ ಪಾಸಾಗಬೇಕೇ?

ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನಾಯಿತು. ಸಂತೋಷ. ಅದೇ ವರ್ಷ ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆಯಿತು. ಅದೂ ಸಂತೋಷವೇ. ಆದರೆ ಬಂಧುಗಳೇ, ಚೀಟಿ ಯಾವ ಭಾಷೆಯಲ್ಲಿದ್ದರೂ ಮಾತ್ರೆ ಹೊಟ್ಟೆಗೆ ಹೋದ ಮೇಲೆ ತನ್ನ ಕೆಲಸ ಮಾಡುತ್ತದೆ. ಮಾತೇ ಔಷಧಿಯಾಗಿರುವ ಚಿಕಿತ್ಸೆಯೊಂದಿದೆ. ಅದು ಇಂಗ್ಲಿಷಿನಲ್ಲಿ ಮಾತ್ರ ಸಿಗುವುದಾದರೆ ಕನ್ನಡದ ಹುಡುಗನಿಗೆ ಔಷಧಿಯೇ ಇಲ್ಲ ಎಂದರ್ಥ. ನಮ್ಮ ಚಳವಳಿ ಈ ಕಡೆ ಇನ್ನೂ ತಿರುಗಿ ನೋಡಿಲ್ಲ.

ಎಡಿಎಚ್‌ಡಿ ಎಂಬ ತೊಂದರೆಯ ಹೆಸರನ್ನು ಈಗ ಬಹಳ ಜನ ಕೇಳಿದ್ದಾರೆ. ಗಮನ ಒಂದೆಡೆ ನಿಲ್ಲದು, ಹಿಡಿದ ಕೆಲಸ ಮುಗಿಯದು, ಕೂತಲ್ಲಿ ಕೂರಲಾಗದು. ಇದು ಶಾಲಾ ಮಕ್ಕಳ ಕಾಟ, ಬೆಳೆದಂತೆ ಹೋಗುತ್ತದೆ ಎಂದು ಹಿಂದೆ ತಿಳಿದಿದ್ದರು. ಎಷ್ಟೋ ಜನರಿಗೆ ಹೋಗುವುದಿಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ದೊಡ್ಡವರ ಲೆಕ್ಕವನ್ನೇ ಬೇರೆ ಮಾಡಿತು. ಮಕ್ಕಳಲ್ಲಿ ಆರು ಲಕ್ಷಣ ಕಾಣಬೇಕು, 17 ತುಂಬಿದವರಲ್ಲಿ ಐದು ಸಾಕು. ಆದರೆ ತೊಂದರೆಯ ಕುರುಹು 12 ವರ್ಷದೊಳಗೇ ಕಂಡಿರಬೇಕು. ಈ ಕೊನೆಯ ಷರತ್ತು ನೋಡಿ. ಹುಡುಗ ಚಿಕ್ಕಂದಿನಲ್ಲಿ ಹೇಗಿದ್ದ ಎಂದು ಹೇಳಬೇಕಾದವಳು ಊರಿನಲ್ಲಿರುವ ತಾಯಿ. ಆಕೆಯನ್ನು ಇಂಗ್ಲಿಷಿನಲ್ಲಿ ಕೇಳುತ್ತಾರೇನು?

ನಮ್ಮ ಪ್ರೆಸ್ಸಿನಲ್ಲಿ ಹಿಂದೆ ಡಿಟಿಪಿಗೆ ಹಾಸನ ಕಡೆಯ ಹುಡುಗನೊಬ್ಬನಿದ್ದ. ಲಗ್ನಪತ್ರಿಕೆಯ ಡಿಸೈನಿಗೆ ಕೂತರೆ ಊಟ ಮರೆತು ನಡುರಾತ್ರಿವರೆಗೂ ಏಳುತ್ತಿರಲಿಲ್ಲ. ಪ್ರೂಫ್ ತಿದ್ದಲು ಕೊಟ್ಟರೆ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಿದ್ದ. ಆಮೇಲೆ ದೊಡ್ಡ ಕಂಪನಿಯೊಂದಕ್ಕೆ ಸೇರಿದ, ಒಳ್ಳೆ ಸಂಬಳ. ಅಲ್ಲಿ ಎರಡು ಮೆಮೊ ಬಂದವು. ಯಾರೋ ಹೇಳಿದರೆಂದು ಖಾಸಗಿ ಕ್ಲಿನಿಕ್ಕಿಗೆ ಹೋದ. ನಾಲ್ಕು ಪುಟದ ಫಾರಂ, ಪೂರಾ ಇಂಗ್ಲಿಷ್. ಸಮಾಲೋಚಕಿ ಒಳ್ಳೆಯ ಹೆಣ್ಣುಮಗಳೇ, ಕನ್ನಡ ಮಾತ್ರ ಬರದು. ಕೆಲಸದ ಗಡುವು ಹತ್ತಿರ ಬಂದಾಗ ನಿಮಗೇನಾಗುತ್ತದೆ ಎಂದು ಕೇಳಿದರಂತೆ. ನನ್ನ ಹತ್ತಿರ ಆತ ಹೇಳಿದ್ದು ಹೀಗೆ: "ತಲೆಯೊಳಗೆ ಸಂತೆ ನೆರೆದಂಗಾಗುತ್ತೆ ಸಾರ್. ಎಲ್ಲಾರೂ ಕೂಗ್ತಿರ್ತಾರೆ, ಯಾರಿಗೆ ಓಗೊಡ್ಲಿ ಅಂತ ಗೊತ್ತಾಗಲ್ಲ." ಅಲ್ಲಿ ಬಾಯಿಗೆ ಬಂದದ್ದು "ಟೆನ್ಷನ್" ಎಂಬ ಒಂದೇ ಪದ. ಅವರು ಅದನ್ನೇ ಬರೆದುಕೊಂಡರು. ಮೂರು ಸಲ ಹೋಗಿ ಬಿಟ್ಟ. ಆಮೇಲೆ ಕೆಲಸವೂ ಹೋಯಿತು.

ಇಂಥ ಕ್ಲಿನಿಕ್ಕುಗಳ ಫಾರಂ ನಮ್ಮಲ್ಲೂ ಅಚ್ಚಾಗುತ್ತವೆ. ಕನ್ನಡದಲ್ಲೂ ಹಾಕಿಸಿ, ಟೈಪಿಂಗಿಗೆ ದುಡ್ಡು ಬೇಡ ಎಂದು ಒಬ್ಬರಿಗೆ ಹೇಳಿದೆ. "ನಮ್ಮಲ್ಲಿ ಬರೋರೆಲ್ಲ ಇಂಗ್ಲಿಷ್‌ನೋರೇ ಸಾರ್" ಎಂದರು. ಬಾಗಿಲಲ್ಲೇ ಇಂಗ್ಲಿಷಿನ ಜರಡಿ ಹಿಡಿದು ನಿಂತರೆ ಒಳಗೆ ಇನ್ಯಾರು ಬಂದಾರು!

ಈ ಚಿಕಿತ್ಸೆಯಲ್ಲಿ ಮಾಯಮಂತ್ರವೇನಿಲ್ಲ. ಒಂದೇ ಡೈರಿ, ಒಂದೇ ಕ್ಯಾಲೆಂಡರ್ ಇಟ್ಟುಕೊಳ್ಳುವುದು. ದೊಡ್ಡ ಕೆಲಸವನ್ನು ತುಂಡು ಮಾಡುವುದು. ನಡುವೆ ಬೇರೆ ಯೋಚನೆ ನುಗ್ಗಿದರೆ ಚೀಟಿಯಲ್ಲಿ ಗೀಚಿಟ್ಟು ಕೈಯಲ್ಲಿದ್ದ ಕೆಲಸಕ್ಕೆ ಮರಳುವುದು. ವಾರವಾರ ಕೂತು ಎಲ್ಲಿ ತಪ್ಪಿತು ಎಂದು ಮಾತಾಡುವುದು. ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸ್ಟೀವನ್ ಸಾಫ್ರೆನ್ ಮತ್ತು ಜೊತೆಗಾರರು, ಮಾತ್ರೆ ತಿಂದೂ ತೊಂದರೆ ಉಳಿದಿದ್ದ 86 ಜನರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಈ ಕ್ರಮ ಕಲಿತವರು, ಬರೀ ಮೈಮನಸ್ಸು ಸಡಿಲಿಸುವುದನ್ನು ಕಲಿತವರಿಗಿಂತ ಹೆಚ್ಚು ಸುಧಾರಿಸಿದ್ದರು. ಇದು ಪ್ರಕಟವಾದದ್ದು 2010ರಲ್ಲಿ.

ಇದರಲ್ಲಿ ಇನ್ನೊಂದು ಭಾಗವಿದೆ, ಅದೇ ಕಷ್ಟದ್ದು. "ನಾನು ಕೆಲಸಕ್ಕೆ ಬಾರದವನು" ಎಂದು ಒಳಗೆ ಕೂತಿರುವ ಮಾತನ್ನು ಎದುರಿಸುವುದು. ಸೋಮಾರಿ, ಉಡಾಳ, ದಂಡಪಿಂಡ ಎಂದು ಅಪ್ಪ ಬೈದದ್ದು ಕನ್ನಡದಲ್ಲಿ, ಮೇಷ್ಟ್ರು ಬೈದದ್ದು ಕನ್ನಡದಲ್ಲಿ. ಆ ಮುಳ್ಳು ನಟ್ಟಿರುವುದೇ ಕನ್ನಡದಲ್ಲಿ. ಇಂಗ್ಲಿಷಿನ ಚಿಮಟ ಅದರ ಬುಡಕ್ಕೆ ತಾಗುವುದೇ ಇಲ್ಲ.

ಕನ್ನಡದಲ್ಲಿ ಪದಗಳಿಲ್ಲ ಎನ್ನುತ್ತಾರೆ. ಕೊರವಂಜಿ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋವ್ಯಾಪಾರದ ಬಗ್ಗೆ ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರಿಗೆ ಸಿಕ್ಕ ಪದ ಇವರಿಗೇಕೆ ಸಿಗುವುದಿಲ್ಲ?

ಕಾನೂನೂ ನಮ್ಮ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆಯ ನಿರ್ಧಾರಕ್ಕೆ ಬೇಕಾದ ಮಾಹಿತಿಯನ್ನು ಆ ವ್ಯಕ್ತಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಕೊಡಬೇಕು. ನಾಲ್ಕು ಪುಟದ ಇಂಗ್ಲಿಷ್ ಫಾರಂ ಯಾವ ಸರಳ ಭಾಷೆ?

ಕನ್ನಡ ಎಲ್ಲಿಯೂ ಸಿಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡೂ ಇಲ್ಲ. ಆದರೆ ಫೋನು ದಾರಿ ತೋರಿಸೀತು, ಮೂರು ತಿಂಗಳು ವಾರವಾರ ಎದುರು ಕೂತು ಅಭ್ಯಾಸ ಮಾಡಿಸಲಾರದು. ಮೆಮೊ ತಿಂದ ಹುಡುಗ ಪ್ರತಿ ವಾರ ರಜೆ ಹಾಕಿ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಮೂರನೆಯ ಮೆಮೊ ಗ್ಯಾರಂಟಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಸಂಜೆ ಹೊತ್ತು ಕನ್ನಡದ ಸಮಾಲೋಚಕರು ಕೂರಲಿ. ನೌಕರರಿಗೆಂದು ಸಮಾಲೋಚಕರನ್ನು ಗೊತ್ತು ಮಾಡುವ ಕಂಪನಿಗಳು ಅವರಲ್ಲಿ ಕನ್ನಡ ಬಲ್ಲವರನ್ನೂ ಇಡಲಿ. ಕರ್ನಾಟಕದಲ್ಲಿ ಮನಶ್ಶಾಸ್ತ್ರದ ತರಬೇತಿ ಪಡೆಯುವವರು ಕನ್ನಡದಲ್ಲಿ ಒಬ್ಬ ರೋಗಿಯ ಕಥೆ ಕೇಳಿ ಬರೆದುಕೊಳ್ಳುವಷ್ಟನ್ನಾದರೂ ಕಲಿಯಲಿ.

ನಿಮ್ಮ ಮನೆಯ ಹುಡುಗ, ಹುಡುಗಿ ಇಂಥ ಕ್ಲಿನಿಕ್ಕಿಗೆ ಹೋದಾಗ ಜೊತೆಗೆ ಹೋಗಿ. ಕನ್ನಡದಲ್ಲಿ ಮಾತಾಡುವವರು ಯಾರಿದ್ದಾರೆ ಎಂದು ಕೌಂಟರಿನಲ್ಲೇ ಕೇಳಿ. ಯಾರೂ ಇಲ್ಲವೆಂದರೆ ಹಾಗೆಂದು ಬರೆದುಕೊಡಿ ಎನ್ನಿ. ರೋಗಿಯ ಹೆಸರು ಬೇಡ, ಆ ಚೀಟಿ ಮಾತ್ರ ನಿಮ್ಮೂರಿನ ಕನ್ನಡ ಸಂಘಕ್ಕೆ ತಲುಪಿಸಿ.