ಅವರು ಯಾವ ಫೋನಲ್ಲಿ ಆಡಿದ್ರು?

ಅಮೃತೂರಿನ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ಸಂಖ್ಯಾಶಾಸ್ತ್ರ ಘಟಕ ತೆಗೆದುಕೊಳ್ಳುವ ಸರದಿ ನನ್ನದಾಗಿತ್ತು. ಸರಾಸರಿಯ ಪೀಠಿಕೆಗೆ ನಾವೆಲ್ಲ ಕ್ರಿಕೆಟ್ ರನ್ನುಗಳನ್ನೇ ತರುತ್ತೇವೆ. ಬೇರೆ ಏನಾದರೂ ಇರಲಿ ಎಂದು ಗೇಮ್ ವಿಮರ್ಶಕರು ಕೊಡುವ ಅಂಕಗಳನ್ನು ತಂದೆ. ಬಿಸಿಯೂಟದ ಸಾಲಿನಲ್ಲಿ ನಿಂತ ಹುಡುಗರ ಬಾಯಲ್ಲಿ ಫ್ರೀ ಫೈರ್ ಮ್ಯಾಕ್ಸ್, ಬಿಜಿಎಂಐ ಬಿಟ್ಟು ಬೇರೆ ಮಾತಿರಲಿಲ್ಲ. ಜಪಾನಿನಲ್ಲಿ ಫಾಮಿತ್ಸು ಎಂಬ ಪತ್ರಿಕೆ ಇದೆ, ಅಲ್ಲಿ ಒಂದು ಗೇಮನ್ನು ನಾಲ್ವರು ಆಡಿ ತಲಾ 10ಕ್ಕೆ ಅಂಕ ಕೊಡುತ್ತಾರೆ ಎಂದು ಹೇಳಿ, ನಾನೇ ಕಲ್ಪಿಸಿಕೊಂಡ ಎರಡು ಗೇಮ್‌ಗಳ ಅಂಕಗಳನ್ನು ಹಲಗೆಯ ಮೇಲೆ ಬರೆದೆ. ಒಂದಕ್ಕೆ 10, 7, 9, 8. ಇನ್ನೊಂದಕ್ಕೆ 8, 9, 9, 8. ಎರಡರ ಸರಾಸರಿಯೂ 8.5.

ಎರಡನೇ ಸಾಲಿನ ಹುಡುಗನೊಬ್ಬ ಕೈ ಎತ್ತಿದ. "ಸಾರ್, ಅವ್ರು ಯಾವ ಫೋನಲ್ಲಿ ಆಡಿದ್ರು?"

"ಅದು ಈಗ ಬೇಡ ಕಣಪ್ಪ, ಮೊದಲು ಕೂಡಿ ಭಾಗಿಸು" ಅಂದೆ. ಹಿಂದೆ ಕೂತಿದ್ದ ನಮ್ಮ ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಪಾಠ ಯೋಜನೆಯಲ್ಲಿ ಇಲ್ಲದ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ಸಮಯಕ್ಕೆ ಸರಿಯಾಗಿ ಪಾಠ ಮುಗಿಸಿದೆ. ಆದರೆ ಆ ದಿನ ತರಗತಿಯಲ್ಲಿ ಬಂದ ಒಳ್ಳೆಯ ಪ್ರಶ್ನೆ ಅದೊಂದೇ ಆಗಿತ್ತು.

ಶುಕ್ರವಾರ ಬಂದ ಸಿನಿಮಾಕ್ಕೆ ಭಾನುವಾರದೊಳಗೆ ನಮ್ಮ ಪತ್ರಿಕೆಗಳಲ್ಲಿ ನಕ್ಷತ್ರ ಬೀಳುತ್ತದೆ. 1997ರಲ್ಲೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ತಯಾರಿಕಾ ಸಂಸ್ಥೆ ಶುರುವಾಗಿದ್ದರೂ ಕನ್ನಡದಲ್ಲಿ ಗೇಮ್ ವಿಮರ್ಶೆ ನನ್ನ ಕಣ್ಣಿಗೆ ಬಿದ್ದದ್ದು ತೀರಾ ಅಪರೂಪ. ಹಾಗಾಗಿ ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಸಿನಿಮಾವನ್ನು ಎಲ್ಲರೂ ಒಂದೇ ಪರದೆಯ ಮೇಲೆ, ಒಂದೇ ಅವಧಿಯಲ್ಲಿ ನೋಡುತ್ತಾರೆ. ಗೇಮ್ ಹಾಗಲ್ಲ. ಅದು ಮುಗಿಯಲು 10 ಗಂಟೆ ಬೇಕಾಗಬಹುದು, 60 ಗಂಟೆಯೂ ಬೇಕಾಗಬಹುದು. ಆಡುವವನ ಕೈಚಳಕದ ಮೇಲೆ, ಅವನ ಯಂತ್ರದ ಶಕ್ತಿಯ ಮೇಲೆ ಆಟವೇ ಬೇರೆಯಾಗಿಬಿಡುತ್ತದೆ. ಸಾಮಾನ್ಯವಾಗಿ ತಯಾರಕರೇ ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಪ್ರತಿ ಕಳಿಸಿ, ಇಂಥ ದಿನದ ತನಕ ಏನೂ ಪ್ರಕಟಿಸಬಾರದು ಎಂದು ಗಡುವು ಹಾಕುತ್ತಾರೆ. ಅವಸರದಲ್ಲಿ ಆಡಿ, ಪುಟಗಟ್ಟಲೆ ಬರೆದು, ಕೊನೆಗೆ ಒಂದು ಅಂಕ. ಬಹುಪಾಲು ಓದುಗರು ಮೊದಲು ನೋಡುವುದು ಆ ಕೊನೆಯದನ್ನೇ.

2001ರಲ್ಲಿ ಶುರುವಾದ ಮೆಟಾಕ್ರಿಟಿಕ್ ಈ ಅಂಕಗಳನ್ನೆಲ್ಲ ಒಟ್ಟುಗೂಡಿಸಿ 100ಕ್ಕೆ ಒಂದೇ ಸಂಖ್ಯೆ ಮಾಡಿತು. ಅದು ತೂಕವಿಟ್ಟ ಸರಾಸರಿ; ಆದರೆ ಯಾವ ಪತ್ರಿಕೆಗೆ ಎಷ್ಟು ತೂಕ ಎಂಬುದನ್ನು ಹೊರಗೆ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಹುಡುಗನೊಬ್ಬ ಆವೃತ್ತಿ ಕಾಲಂ ಖಾಲಿ ಬಿಟ್ಟು ಬರೀ ಉತ್ತರ ಬರೆದರೆ ನಾವು ಪೂರ್ಣ ಅಂಕ ಕೊಡುತ್ತೇವೆಯೇ? ಇನ್ನೊಂದು ವಿಚಿತ್ರ ಇದೆ. ಅಲ್ಲಿ ಸಿನಿಮಾಕ್ಕೆ 61ರಿಂದಲೇ ಹಸಿರು ಬಣ್ಣ, ಗೇಮ್‌ಗೆ 75 ಆದರೂ ಬೇಕು. ಅಂದರೆ 70 ಬಂದ ಸಿನಿಮಾ ಪಾಸು, 70 ಬಂದ ಗೇಮ್ ಹಳದಿ. ಗೇಮ್ ವಿಮರ್ಶಕರು 7ರ ಕೆಳಗೆ ಇಳಿಯುವುದು ಕಡಿಮೆ ಎಂಬ ವಾಸ್ತವವನ್ನು ಆ ಬಣ್ಣವೇ ಒಪ್ಪಿಕೊಂಡಂತಿದೆ. 10ರ ಮಾಪನದಲ್ಲಿ ಕೆಳಗಿನ ಮನೆಗಳು ಹೆಚ್ಚಾಗಿ ಖಾಲಿ.

ಈ ಸಂಖ್ಯೆ ಬರೀ ಅಲಂಕಾರವೂ ಅಲ್ಲ. 2010ರ ಅಕ್ಟೋಬರ್‌ನಲ್ಲಿ ಫಾಲ್‌ಔಟ್: ನ್ಯೂ ವೇಗಸ್ ಎಂಬ ಗೇಮ್ ಬಂತು. ಮಾಡಿದವರು ಆಬ್ಸಿಡಿಯನ್, ಪ್ರಕಟಿಸಿದವರು ಬೆಥೆಸ್ಡಾ. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಮಾತ್ರ ಆಬ್ಸಿಡಿಯನ್‌ಗೆ ಬೋನಸ್ ಎಂದು ಒಪ್ಪಂದವಾಗಿತ್ತು, ಬಂದದ್ದು 84. ಅದರ ವಿನ್ಯಾಸಕಾರರಲ್ಲಿ ಒಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಇದನ್ನು ಬಹಿರಂಗಪಡಿಸಿದರು. ತಮ್ಮ ಬರಹದ ಬುಡದಲ್ಲಿ 8ರ ಬದಲು 8.5 ಹಾಕುವ ವಿಮರ್ಶಕರಿಗೆ ಇಷ್ಟೊಂದು ಜನರ ಸಂಪಾದನೆ ತಮ್ಮ ಪೆನ್ನಿಗೆ ತಗುಲಿಕೊಂಡಿದೆ ಎಂದು ಗೊತ್ತಿದ್ದಿರಲಾರದು.

ನಮ್ಮ ಹುಡುಗನ ಪ್ರಶ್ನೆಗೆ ನೇರ ಉತ್ತರ ಇರುವುದು ಮಾತ್ರ 2020ರ ಡಿಸೆಂಬರ್‌ನಲ್ಲಿ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ ಸೈಬರ್‌ಪಂಕ್ 2077 ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ತಾವು ಆಡಿದ ದೃಶ್ಯಗಳನ್ನು ಬಿಡುಗಡೆಯ ತನಕ ತೋರಿಸಲು ಅವರಿಗೆ ಅನುಮತಿಯೂ ಇರಲಿಲ್ಲ. ಒಳ್ಳೆಯ ಪಿಸಿಯಲ್ಲಿ ಆಡಿದವರು ಹಲವರು 9 ಕೊಟ್ಟರು. ಡಿಸೆಂಬರ್ 10ರಂದು ಅದನ್ನೇ ದುಡ್ಡು ಕೊಟ್ಟು ಕೊಂಡು, 2013ರಲ್ಲಿ ಬಂದ ಪ್ಲೇಸ್ಟೇಷನ್ 4ರಲ್ಲಿ ಹಾಕಿದವರಿಗೆ ಕಂಡದ್ದು ತಡವರಿಸುವ ಚಿತ್ರ, ಅರ್ಧಕ್ಕೇ ನಿಂತುಹೋಗುವ ಆಟ. ಸುಮಾರು ಒಂದು ವಾರದಲ್ಲಿ ಸೋನಿ ತನ್ನ ಅಂಗಡಿಯಿಂದಲೇ ಅದನ್ನು ತೆಗೆದುಹಾಕಿತು. ಮತ್ತೆ ಸೇರಿಸಿದ್ದು 2021ರ ಜೂನ್‌ನಲ್ಲಿ. ವಿಮರ್ಶಕರು ಸುಳ್ಳು ಹೇಳಿದರು ಎಂದು ನಾನು ಹೇಳುವುದಿಲ್ಲ. ಪಿಸಿಯಲ್ಲಷ್ಟೇ ಆಡಿದ್ದೇವೆ ಎಂದು ಬರೆದವರೂ ಇದ್ದರು. ಆದರೆ ಆ ಮಾತು ಒಳಪುಟದಲ್ಲಿ ಉಳಿಯಿತು, 9 ಊರೂರು ಸುತ್ತಿತು.

ಈಗ ನನ್ನ ತಪ್ಪು. ಆ ಪಾಠಕ್ಕೆ ಒಂದು ವಾರ ಮುಂಚೆ ಅದೇ ಶಾಲೆಯಲ್ಲಿ ನನ್ನ ಸಹಪಾಠಿಯೊಬ್ಬರು ಬೆಳಕಿನ ಪ್ರತಿಫಲನದ ಪಾಠ ಮಾಡಿದ್ದರು. ನಾನು ಮುಂದಿನ ಬೆಂಚಿನ ಪಕ್ಕ ಕುರ್ಚಿ ಹಾಕಿಕೊಂಡು ವೀಕ್ಷಿಸಿ, ಕಪ್ಪುಹಲಗೆ ಬಳಕೆಗೆ 10ಕ್ಕೆ 8 ಕೊಟ್ಟೆ. "ಚಿತ್ರಗಳು ಸ್ಪಷ್ಟವಾಗಿವೆ" ಎಂದು ಷರಾ ಕೂಡ ಬರೆದೆ. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ನೋಟ್ ಪುಸ್ತಕಗಳನ್ನು ತಿರುವಿದರೆ ಹಲಗೆಯ ಬಲಭಾಗದಲ್ಲಿದ್ದ ಕಿರಣ ಚಿತ್ರ ಒಬ್ಬರ ಪುಸ್ತಕದಲ್ಲೂ ಇಲ್ಲ. ಮಧ್ಯಾಹ್ನದ ಹೊತ್ತು ಕಿಟಕಿಯ ಬೆಳಕು ಆ ಭಾಗಕ್ಕೆ ಬಡಿದು ಹಲಗೆ ಬೆಳ್ಳಗೆ ಹೊಳೆಯುತ್ತದೆ, ಅಲ್ಲಿಂದ ಏನೂ ಕಾಣುವುದಿಲ್ಲ. ಪ್ರತಿಫಲನದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ. ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾನು ಒಳ್ಳೆಯ ಪಿಸಿಯಲ್ಲಿ ಆಡಿದ್ದೆ. ಅದನ್ನು ಅವರಿಗೆ ಹೇಳದೆ ಸುಮ್ಮನಾದೆ. ಕೊಟ್ಟ ಅಂಕ ತಿದ್ದಲು ಸಂಕೋಚ.

ನನ್ನ ವೀಕ್ಷಣಾ ಪುಸ್ತಕವನ್ನು ಆಮೇಲೆ ಮೊದಲಿಂದ ನೋಡಿದೆ. 7ಕ್ಕಿಂತ ಕಡಿಮೆ ಒಂದೂ ಇಲ್ಲ. ನಾಳೆ ನನ್ನ ಪಾಠ ನೋಡಲು ಅವರೇ ಬರುತ್ತಾರಲ್ಲ! ಪ್ರಶಿಕ್ಷಣಾರ್ಥಿ ಮಿತ್ರರು ತಮ್ಮ ತಮ್ಮ ಪುಸ್ತಕಗಳನ್ನೂ ಒಮ್ಮೆ ತೆರೆದು ನೋಡಲಿ.

ಹಾಗಾದರೆ ಅಂಕವನ್ನೇ ತೆಗೆದುಬಿಡೋಣವೇ? ಬ್ರಿಟನ್ನಿನ ಯೂರೋಗೇಮರ್ 2015ರಲ್ಲಿ ಅಂಕ ಕೈಬಿಟ್ಟು, ಕೆಲವೇ ಗೇಮ್‌ಗಳಿಗೆ ಶಿಫಾರಸಿನ ಮುದ್ರೆ ಒತ್ತುವ ಪದ್ಧತಿಗೆ ಹೋಯಿತು. 2023ರಲ್ಲಿ ಐದು ನಕ್ಷತ್ರಗಳ ರೂಪದಲ್ಲಿ ಅಂಕ ವಾಪಸ್ ಬಂತು. ನನಗೆ ಇದು ಸೋಲು ಅನ್ನಿಸುವುದಿಲ್ಲ. ದುಡ್ಡು ಎಣಿಸಿ ಕೊಳ್ಳುವವನು ಕೊಳ್ಳಲೋ ಬೇಡವೋ ಎಂದು ಕೇಳುವುದು ನ್ಯಾಯವೇ. ನಮಗೂ ಆಂತರಿಕ ಅಂಕ ವಿಶ್ವವಿದ್ಯಾಲಯಕ್ಕೆ ಹೋಗಲೇಬೇಕು. ನನ್ನ ತಕರಾರು ಅಂಕದ ಮೇಲಲ್ಲ, ಎಲ್ಲಿ ಕೂತು ಕೊಟ್ಟದ್ದು ಎಂಬುದನ್ನು ಬಿಟ್ಟು ಓಡಾಡುವ ಅಂಕದ ಮೇಲೆ. ಫಾಮಿತ್ಸು ನಾಲ್ವರ ಅಂಕವನ್ನು ಕೂಡಿದರೂ ನಾಲ್ಕನ್ನೂ ಬೇರೆಬೇರೆಯಾಗಿ, ಒಂದೆರಡು ಸಾಲಿನ ಷರಾದ ಜೊತೆ ಅಚ್ಚು ಹಾಕುತ್ತದೆ. 7 ಕೊಟ್ಟವನು ಯಾರು, ಏಕೆ ಎಂದು ಓದುಗನಿಗೆ ಕಾಣುತ್ತದೆ. ನಮ್ಮಲ್ಲಿ ಒಂದು ಪಾಠವನ್ನು ಮೂವರು ನೋಡಿದರೂ ಕೊನೆಗೆ ಉಳಿಯುವುದು ಒಂದು ಸರಾಸರಿ. ವೀಕ್ಷಣಾ ನಮೂನೆಯಲ್ಲಿ ದಿನಾಂಕ, ವಿಷಯ, ಘಟಕ, ಅವಧಿ ಎಲ್ಲಕ್ಕೂ ಜಾಗವಿದೆ. "ವೀಕ್ಷಕರು ಕುಳಿತ ಸ್ಥಳ" ಎಂಬ ಇನ್ನೊಂದು ಗೆರೆ ಹಾಕಿಸಿ ಎಂದು ನಮ್ಮ ಗುರುಗಳನ್ನು ಕೇಳುತ್ತಿದ್ದೇನೆ.

ಹುಡುಗನ ಪ್ರಶ್ನೆಗೆ ನಾನು ಸಾಲಗಾರನಾಗಿದ್ದೆ. ಮರುದಿನ ಸೈಬರ್‌ಪಂಕ್ ಕಥೆ ಹೇಳಿ, ನಿಮಗೆ ಗೊತ್ತಿರುವ ಒಂದು ಗೇಮ್ ಬಗ್ಗೆ ಅಂಕ ಹಾಕದೆ ಮೂರು ಸಾಲು ಬರೆಯಿರಿ, ಯಾವುದರಲ್ಲಿ ಆಡಿದಿರಿ ಎಂದು ಮೊದಲು ಬರೆಯಿರಿ ಎಂದೆ. ಗಣಿತದ ತರಗತಿಯಲ್ಲಿ ಇದೇನು ಎಂದು ಕೇಳುವವರಿಗೆ ನನ್ನ ಉತ್ತರ, ದತ್ತಾಂಶ ಎಲ್ಲಿಂದ ಬಂತು ಎಂದು ಕೇಳದೆ ಸಂಖ್ಯಾಶಾಸ್ತ್ರ ಶುರುವಾಗುವುದಿಲ್ಲ. ಒಬ್ಬ ಬರೆದಿದ್ದ: "ಅಣ್ಣನ ಹಳೇ ಫೋನು. ಅರ್ಧ ಗಂಟೆ ಆಡಿದರೆ ಕಾವಲಿ ತರ ಕಾಯುತ್ತೆ, ಆಮೇಲೆ ಶತ್ರು ಗುಂಡು ಹಾರಿಸಿದ್ದು ನಾವು ಸತ್ತ ಮೇಲೆ ಕಾಣುತ್ತೆ." ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಹುಡುಗಿಯೊಬ್ಬಳು ಕೀಪ್ಯಾಡ್ ಫೋನಿನ ಹಾವಿನ ಆಟದ ಬಗ್ಗೆ ಬರೆದಿದ್ದಳು: "ಅಪ್ಪನ ಫೋನು. ಚಾರ್ಜು ಮೂರು ದಿನ ಬರುತ್ತೆ. ಹಾವು ಉದ್ದ ಆದಾಗಲೇ ಯಾರಾದರೂ ಫೋನ್ ಮಾಡ್ತಾರೆ." ಇವೆರಡೂ ಎಷ್ಟು ಅಂಕದ ಗೇಮ್‌ಗಳು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಅರ್ಥವಾಗಿತ್ತು.

ಆ ಸಹಪಾಠಿಯ ಮುಂದಿನ ಪಾಠಕ್ಕೆ ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಕೂತೆ. ಪುಟದ ತಲೆಯಲ್ಲಿ "ಕೊನೆಯ ಬೆಂಚು, ಕಿಟಕಿಯ ಎದುರು ಬದಿ" ಎಂದು ಬರೆದು, ಹಳೆಯ 8ರ ಕಥೆಯನ್ನೂ ಒಂದು ಸಾಲಿನಲ್ಲಿ ಒಪ್ಪಿಕೊಂಡು, ಕಪ್ಪುಹಲಗೆ ಬಳಕೆಗೆ 6 ಕೊಟ್ಟೆ. ಅವರು ಓದಿ ಏನೂ ಹೇಳಲಿಲ್ಲ. ಮರುದಿನ ಹಲಗೆಯ ಬಲಭಾಗವನ್ನು ಖಾಲಿ ಬಿಟ್ಟು, ಚಿತ್ರವನ್ನು ಎಡಕ್ಕೆ ದೊಡ್ಡದಾಗಿ ಬರೆದರು.