ಫಲಕದಲ್ಲಿ ಕನ್ನಡ, ಬಾಟಲಿಯಲ್ಲಿ?

ಅಂಗಡಿಗಳ ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾದಾಗ ನಡೆದ ಚರ್ಚೆ ಬಹುಪಾಲು ಬೆಂಗಳೂರಿನದೇ ಆಗಿತ್ತು. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಇಂಗ್ಲಿಷ್ ಫಲಕಗಳನ್ನು ಕಿತ್ತು ಹಾಕಿದ ಪ್ರತಿಭಟನೆಯ ಬಿಸಿ ಇನ್ನೂ ಆರಿರಲಿಲ್ಲ. ಒಂದೆಡೆ ವ್ಯಾಪಾರದ ಸ್ವಾತಂತ್ರ್ಯ, ಇನ್ನೊಂದೆಡೆ ನೆಲದ ಸಂಸ್ಕೃತಿ ಎಂದು ವಾದ ಹೂಡಲಾಯಿತು. ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳದವನಾದ ನನಗೆ ಆ ವಾದದಲ್ಲಿ ನಮ್ಮ ಸೀಮೆ ಎಲ್ಲೂ ಕಾಣಿಸಲಿಲ್ಲ.

1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮಲ್ಲಿ ಕಚೇರಿಯ ಭಾಷೆ ಉರ್ದು. 1956ರಲ್ಲಿ ಬೀದರ್ ಜಿಲ್ಲೆಯನ್ನು ಒಡೆದು ಮೂರು ರಾಜ್ಯಗಳಿಗೆ ಹಂಚಲಾಯಿತು. ಸಂತೆ ಮತ್ತು ನೆಂಟಸ್ತಿಕೆ ಆ ಗಡಿಯನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೀಗಾಗಿ ಬಸವಕಲ್ಯಾಣ, ಹುಮನಾಬಾದ್‌ಗಳ ಅಡತಿಯವರು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ತೊಗರಿಯ ದರ ಹೇಳಬಲ್ಲರು. ಮಹಾರಾಷ್ಟ್ರದ ಪಾತೂರು ಪುರಸಭೆಯ ಫಲಕದಲ್ಲಿ ಉರ್ದು ಇರಬಹುದೆಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ, ಭಾಷೆ ಇರುವುದು ಸಂವಹನಕ್ಕೆ ಎಂಬ ಅದರ ಮಾತು ನಮಗೆ ಹೊಸದೆನಿಸಲಿಲ್ಲ.

ಹಾಗೆಂದು ಫಲಕದ ಕಾನೂನಿಗೆ ನನ್ನ ವಿರೋಧವಿಲ್ಲ. ಖರ್ಚು ಹೆಚ್ಚುತ್ತದೆಂಬ ದೂರನ್ನು ನಾನು ಒಪ್ಪಲಾರೆ. (ಕಂಪನಿ ತನ್ನ ಲಾಂಛನ ಬದಲಿಸಿದಾಗ ಹೊಸ ಫಲಕ ಬರೆಸಲು ಯಾರೂ ಗೊಣಗುವುದಿಲ್ಲ.) ನನ್ನ ತಕರಾರು ಬೇರೆ: ಬಾಗಿಲ ಮೇಲಿನ ಅಕ್ಷರಕ್ಕೆ ಇಷ್ಟು ಹಟ ಹಿಡಿದವರು ಒಳಗೆ ಮಾರುವ ವಸ್ತುವಿನ ಮೇಲಿನ ಅಕ್ಷರದತ್ತ ಏಕೆ ನೋಡುವುದಿಲ್ಲ?

ಕಳೆದ ಶ್ರಾವಣದಲ್ಲಿ ಊರಿಗೆ ಹೋದಾಗ ನಮ್ಮ ಕಾಕಾ ಸೋಯಾಬೀನ್‌ಗೆ ಔಷಧ ಹೊಡೆಯುವ ತಯಾರಿಯಲ್ಲಿದ್ದರು. ಎಷ್ಟು ಬೆರೆಸಬೇಕು ಎಂದು ಕೇಳಿದೆ. ‘ದುಕಾನದವ್ರು ಹೇಳ್ಯಾರ, ಪಂಪಿಗೆ ಎರಡು ಮುಚ್ಚಳ’ ಎಂದರು. ಬಾಟಲಿಯ ಮೇಲಿದ್ದುದು ಇಂಗ್ಲಿಷ್ ಮತ್ತು ಹಿಂದಿ. ಜೊತೆಗಿದ್ದ ಮಡಿಕೆ ಕಾಗದದಲ್ಲಿ ಕನ್ನಡವೇನೋ ಇತ್ತು, ಆದರೆ ಕನ್ನಡಕ ಹಾಕಿಕೊಂಡ ನನಗೂ ಅದನ್ನು ಓದಲಾಗಲಿಲ್ಲ. ಕೀಟನಾಶಕದೊಂದಿಗೆ ಪ್ರಾದೇಶಿಕ ಭಾಷೆಯ ಕರಪತ್ರವೂ ಇರಬೇಕೆಂದು 1971ರ ನಿಯಮಗಳೇ ಹೇಳುತ್ತವೆ. ನಿಯಮ ಪಾಲನೆಯಾಗಿದೆ, ಎಷ್ಟು ದಿನ ಬಿಟ್ಟು ಕೊಯ್ಲು ಮಾಡಬೇಕು, ವಿಷ ಮೈಗೇರಿದರೆ ಮೊದಲು ಏನು ಮಾಡಬೇಕು ಎಂಬುದು ಮಾತ್ರ ಕಾಕಾಗೆ ತಿಳಿದಿಲ್ಲ. ಅವರು ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವರು, ಪತ್ರಿಕೆಯನ್ನು ನಿತ್ಯ ಓದುವವರು.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಲ್ಲಿ, ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂಬ ಮಾತಿದೆ. ಬೇರೆ ರಾಜ್ಯದ ಕಾರ್ಖಾನೆಯಿಂದ ಬರುವ ಬಾಟಲಿಗೆ ಅದು ಅನ್ವಯಿಸದು, ನಿಜ. ಆದರೆ ಅದನ್ನು ಮಾರುವ ಅಂಗಡಿಗೆ ಪರವಾನಗಿ ಕೊಡುವುದು ನಮ್ಮ ಕೃಷಿ ಇಲಾಖೆಯೇ. ಪ್ರತಿ ಔಷಧದ ಪ್ರಮಾಣ, ಎಚ್ಚರಿಕೆ, ಪ್ರಥಮ ಚಿಕಿತ್ಸೆಗಳನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಕೌಂಟರಿನ ಮುಂದೆ ಹಾಕುವಂತೆ ಮಾಡಲು ಹೊಸ ಕಾನೂನು ಬೇಕೇ? ಗಡಿಭಾಗದಲ್ಲಿ ಪಕ್ಕದಲ್ಲೇ ಮರಾಠಿ, ಉರ್ದು ಇದ್ದರೂ ಕನ್ನಡಕ್ಕೇನೂ ಕುಂದಾಗದು. ನಾಮಫಲಕ ಅಳೆಯಲು ಟೇಪು ಹಿಡಿದು ಬರುವ ಅಧಿಕಾರಿಗಳು ಮುಂದಿನ ಮುಂಗಾರಿಗೆ ಮೊದಲು ಒಮ್ಮೆ ಅಂಗಡಿಯ ಒಳಗೂ ಬರಲಿ.